ಗುಂಡಿನ ಸದ್ದು ನಿಂತಾಗ

ನಮ್ಮ ತೋಟದ ಮನೆಯಲ್ಲಿ ಬಂದೂಕು ಸಿಡಿಯುತ್ತಿದ್ದರೆ ಕರೆಂಟು ಇದೆ ಎಂದು ಅರ್ಥ. ನಿಂತರೆ ಹೋಗಿದೆ. ಈ ನಂಬಿಕೆಯ ಮೇಲೆಯೇ ನಾನು ಮೋಟರಿನ ಸ್ಟಾರ್ಟರ್ ಡಬ್ಬಕ್ಕೆ ಕೈ ಹಾಕುತ್ತಿದ್ದೆ.

ಬಂದೂಕು ನನ್ನ ಹೆಂಡತಿ ಮಂಗಳಾಳದು. ಅವಳ ತಮ್ಮ ಶಿರಾದ ಗುಜರಿ ಅಂಗಡಿಯಿಂದ ಹಳೆಯ ವಿಡಿಯೋ ಗೇಮ್ ಡಬ್ಬಿಯೊಂದನ್ನು ತಂದುಕೊಟ್ಟಿದ್ದ. ಟೀವಿಗೆ ಸಿಕ್ಕಿಸಿದರೆ ಪರದೆಯ ಕೆಳಗೆ ಒಂದು ಕೈ, ಕೈಯಲ್ಲಿ ಬಂದೂಕು. ಆಡುವವರ ಮುಖ ಕಾಣುವುದಿಲ್ಲ, ನಾವೇ ಒಳಗೆ ನಡೆದಂತೆ. ಓಣಿ, ಬಾಗಿಲು, ಬಾಗಿಲ ಹಿಂದೆ ರಾಕ್ಷಸ. ಮಕ್ಕಳಿಗೆಂದು ತಂದದ್ದು. ಅವರು ಫೋನ್ ಬಿಟ್ಟು ಅದರ ಕಡೆ ತಿರುಗಲಿಲ್ಲ, ಇವಳು ಹಿಡಿದುಕೊಂಡಳು. ಮುದ್ದೆ ತೊಳಸುವ ಕೈ ಅದು, ಗುರಿ ತಪ್ಪುವುದಿಲ್ಲ.

ಆಟ ಎಲ್ಲಿಗೆ ಬಂದಿತ್ತು ಎಂದು ನೆನಪಿಡುವ ಶಕ್ತಿ ಆ ಡಬ್ಬಿಗೆ ಉಳಿದಿಲ್ಲ. ಕರೆಂಟು ಹೋದರೆ ಮತ್ತೆ ಮೊದಲ ಬಾಗಿಲಿನಿಂದಲೇ. ಆಗ ಮಂಗಳಾ ತವರಿನ ಪಾವಗಡದ ತೆಲುಗಿನಲ್ಲಿ, "ದೀನಮ್ಮ ಕರೆಂಟು!" ಎಂದು ಕರೆಂಟಿನ ತಾಯಿಗೇ ಬೈದು ಕಿರುಚುತ್ತಾಳೆ. ಆ ಕಿರುಚು ಬೋರ್‌ವೆಲ್ಲಿನವರೆಗೂ ಕೇಳುತ್ತದೆ.

ಬೋರಿನ ಫ್ಯೂಸ್ ಸುಟ್ಟುಹೋದ ಮೇಲೆ ವೈರನ್ನು ನೇರ ಸೇರಿಸಿದ್ದೇನೆ. ಹಾಗಾಗಿ ಏನೇ ರಿಪೇರಿ ಇದ್ದರೂ ಯಾರಾದರೂ ಬಂಡೆಯ ಆಚೆಗಿರುವ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಿ ಲೈನ್ ಇಳಿಸಿ ಕರೆಂಟು ತೆಗೆಯಬೇಕು; ಮನೆಗೂ ಬೋರಿಗೂ ಅದೇ ಲೈನ್. ಅಲ್ಲಿ ಫೋನ್ ಸಿಗ್ನಲ್ ಸಿಗುವುದಿಲ್ಲ. ಪಕ್ಕದ ಹೊಲದ ಚೌಡಯ್ಯ ಹೋಗಿ ಇಳಿಸುತ್ತಾನೆ, ಮನೆಯಲ್ಲಿ ಬಂದೂಕು ನಿಲ್ಲುತ್ತದೆ, ನಾನು ಕೈ ಇಡುತ್ತೇನೆ. ಈ ಉಪಾಯ ಹೇಳಿದವಳೂ ಮಂಗಳಾಳೇ. "ನಿನ್ನ ಜೀವ ನನ್ನ ಕೈಯಾಗೈತೆ ಕಣಯ್ಯ" ಎಂದಿದ್ದಳು. ಅಂದು ಇಬ್ಬರೂ ನಕ್ಕಿದ್ದೆವು.

ಸೋಮವಾರ ನಾನು ಹೊಲದಿಂದ ಬಂದಾಗ ಒಲೆ ಹತ್ತಿರಲಿಲ್ಲ. ಅವಳು ಕೊನೆಯ ಬಾಗಿಲ ಮುಂದಿದ್ದಳಂತೆ. ಹಿಂದೆಂದೂ ಅಲ್ಲಿಗೆ ಮುಟ್ಟಿರಲಿಲ್ಲವಂತೆ. ನಾನು ಪ್ಲಗ್ ಕಿತ್ತೆ. ಹಸಿದ ಯಾವ ಗಂಡಸಾದರೂ ಕೀಳುತ್ತಾನೆ. ಮಂಗಳಾ ಬೈಯಲಿಲ್ಲ, ಅಳಲಿಲ್ಲ. ಎದ್ದು ಹೋಗಿ ಅನ್ನಕ್ಕೆ ಇಟ್ಟಳು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಮುಗಿಸುತ್ತಿದ್ದೆ.

ಗುರುವಾರ ಬೆಳಿಗ್ಗೆ ಮೋಟರ್ ನಿಂತಿತು. ಕಡಲೆಕಾಯಿ ಗಿಡ ಬಾಡುತ್ತಿತ್ತು. ಚೌಡಯ್ಯನನ್ನು ಕಳಿಸಿ, ಮನೆ ಮುಂದೆ ನಿಂತು ಕೂಗಿದೆ:

"ಮಂಗಳಾ, ಸ್ಟಾರ್ಟರ್ ಬಿಚ್ತಾ ಇವ್ನಿ. ಆಟ ಹಾಕ್ಕೋ!"

ಸ್ವಲ್ಪ ಹೊತ್ತಿಗೆ ಬಂದೂಕು ಸಿಡಿಯಿತು.

ಬೋರಿನ ಹತ್ತಿರ ಹೋಗಿ ಡಬ್ಬದ ಮುಚ್ಚಳ ತೆಗೆದೆ. ಕಾಲ ಕೆಳಗೆ ನೀರು ಸೋರಿ ಕೆಸರು. ಸ್ಕ್ರೂಡ್ರೈವರಿನ ಹಿಡಿ ಒಡೆದಿತ್ತು. ಮನೆಯಲ್ಲಿ ಗುಂಡಿನ ಮೇಲೆ ಗುಂಡು, ರಾಕ್ಷಸರ ಗುರುಗುರು. ಆಮೇಲೆ ಎಲ್ಲ ನಿಂತಿತು.

ಕೈ ಮುಂದೆ ಹೋಯಿತು. ವೈರಿಗೂ ಬೆರಳಿಗೂ ನಡುವೆ ಒಂದು ಕಾಳು ಹಿಡಿಸುವಷ್ಟು ಜಾಗವಿದ್ದಾಗ ಏನೋ ಕಮ್ಮಿ ಅನ್ನಿಸಿತು. ಕಿರುಚು ಬಂದಿರಲಿಲ್ಲ. ಮುನಿಸಿನಲ್ಲಿದ್ದಾಳೆ, ಅದಕ್ಕೇ ಕಿರುಚಿಲ್ಲ ಎಂದುಕೊಂಡೆ. ಆದರೂ ಕೈ ಅಲ್ಲೇ ನಿಂತಿತು. ಮನೆ ಕಡೆಯಿಂದ ಒಂದು ಸದ್ದೂ ಇಲ್ಲ, ಬೇಲಿಯ ಹಕ್ಕಿ ಸಹ ಸುಮ್ಮನಿತ್ತು.

"ಲೇ ರಂಗೇಶ!"

ತಿರುಗಿದರೆ ಬದುವಿನ ಮೇಲೆ ಚೌಡಯ್ಯ.

"ಬೆಂಕಿಪೊಟ್ಣ ಐತೇನ್ಲಾ? ಬೀಡಿ ಹಚ್ಕೊಂಡು ಹೋಗಾನ ಅಂತ ವಾಪಸ್ ಬಂದೆ."

"ಲೈನ್ ಇಳಿಸ್ದಾ?"

"ಎಲ್ಲಿಂದ ಇಳಿಸ್ಲಿ? ಇನ್ನೂ ಬಂಡೆ ತಾವ್ಕೂ ಹೋಗಿಲ್ಲ."

ಸ್ಕ್ರೂಡ್ರೈವರ್ ಕೆಸರಿಗೆ ಬಿತ್ತು. ಅಷ್ಟರಲ್ಲಿ ಮನೆಯಲ್ಲಿ ಬಂದೂಕು ಮತ್ತೆ ಸಿಡಿಯತೊಡಗಿತು.

ಮನೆಗೆ ಓಡಿದೆ. ಬೈಗುಳ ಬಾಯಿಯವರೆಗೆ ಬಂದಿತ್ತು, ಬಾಗಿಲಲ್ಲಿ ಅವಳ ಬೆನ್ನು ನೋಡಿ ಒಳಕ್ಕೆ ಹೋಯಿತು. ಮಂಗಳಾ ಚಾಪೆಯ ಮೇಲೆ ಕಾಲು ಚಾಚಿ ಆಡುತ್ತಿದ್ದಳು.

"ಯಾಕೆ ನಿಲ್ಲಿಸ್ದೆ?"

"ಸುಮ್ನೆ."

"ಸುಮ್ನೆ ಅಂದ್ರೆ?"

"ಆಚೆ ಏನೋ ಸದ್ದಾಯ್ತದೇನೋ ಅಂತ ಕಿವಿ ಕೊಟ್ಟೆ." ಸೋಮವಾರದಿಂದ ಈಚೆಗೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತುಗಳು.

"ಏನು ಸದ್ದು?"

ಅವಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಕೆಸರು ಮೆತ್ತಿದ ಪಾದದಿಂದ ಮುಖದವರೆಗೆ ನಿಧಾನವಾಗಿ ನೋಡಿದಳು.

"ಏನೂ ಆಗ್ಲಿಲ್ವಲ್ಲ."

ಹೊರಗೆ ಚೌಡಯ್ಯ ಕೂಗಿದ. "ಲೇ, ಇಳಿಸ್ಲೋ ಬ್ಯಾಡ್ವೋ? ಬಿಸ್ಲು ಏರ್ತೈತೆ!"

"ಹೋಗು," ಎಂದಳು ಮಂಗಳಾ. "ಗಿಡ ಒಣಗ್ತಾ ಅವೆ. ನಾನು ಆಡ್ತಾ ಇರ್ತೀನಿ."

ನಾನು ಹೊಸ್ತಿಲ ಮೇಲೆ ಕೂತೆ.

"ಬ್ಯಾಡ ಕಣ್ಲಾ ಚೌಡ, ಮನೆಗೆ ಹೋಗು," ಎಂದೆ. "ನಾಳೆ ಮಧುಗಿರಿಯಿಂದ ಮೆಕ್ಯಾನಿಕ್ ಕರೆಸ್ತೀನಿ."

"ಅಯ್ಯೋ, ನೀನು ಮೆಕ್ಯಾನಿಕ್ ಕರೆಸಾದಾ?" ಚೌಡಯ್ಯ ನಗುತ್ತಾ ಹೋದ.

ಮಂಗಳಾಳೂ ನಕ್ಕಳು, ಮೆಲ್ಲಗೆ.

"ಯಾಕೆ, ನನ್ನ ಮ್ಯಾಲೆ ನಂಬಿಕೆ ಇಲ್ವಾ?"

ಇದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪರದೆಯಲ್ಲಿ ಇನ್ನೊಂದು ಬಾಗಿಲು ತೆರೆದುಕೊಂಡಿತು, ಅವಳು ಆ ಕಡೆ ತಿರುಗಿದಳು. ನಾನು ಕೂತೇ ಇದ್ದೆ.