ಪಾಚಿ ಕಟ್ಟದ ರಬ್ಬರ್

ಮಗಳ ಮೀನುಗಳು ಗಾಜಿನ ಪೆಟ್ಟಿಗೆ ಹಿಡಿಸದಷ್ಟು ಬೆಳೆದು ನಮ್ಮ ಸ್ನಾನದ ತೊಟ್ಟಿ ಸೇರಿದ್ದವು. ನಾವೆಲ್ಲ ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಮೀಯುತ್ತಿದ್ದೆವು. ಹಿತ್ತಲಲ್ಲಿ ಅವಳೂ ನಾನೂ ಕೊಳಕ್ಕೆಂದು ಗುಂಡಿ ತೋಡಿದ್ದೆವು. ನೀರು ಇಂಗದಂತೆ ಒಳಗೆ ಏನಾದರೂ ಹಾಸುವುದೊಂದೇ ಬಾಕಿ. ತೆಳು ಪ್ಲಾಸ್ಟಿಕ್ ಬಿಸಿಲಿಗೆ ಸೀಳಿಹೋಗುತ್ತದೆ, ಸಿಮೆಂಟ್ ಬಿರುಕು ಬಿಡುತ್ತದೆ. ಮೀನಿನ ಕೊಳಕ್ಕೆಂದೇ ಮಾಡಿದ ರಬ್ಬರ್ ಹಾಳೆ ತರುವುದೆಂದು ನಾನು ತೀರ್ಮಾನಿಸಿದ್ದೆ.

ಅಷ್ಟರಲ್ಲಿ ಭಾವ ಬಂದರು. ನನ್ನ ಗಂಡನ ಅಣ್ಣ, ಸೋರುವ ಚಾವಣಿ ಸರಿಮಾಡುವ ಕೆಲಸ ಅವರದು. ಹೆಗಲ ಮೇಲೆ ಕಪ್ಪು ರಬ್ಬರಿನ ಸುರುಳಿ.

"ಹೊಸದ್ಯಾಕಮ್ಮ? ನಮ್ಮ ಚಾವಣಿ ಮಾಲೇ ಇದೆಯಲ್ಲ. ಔಷಧಿ ಹಾಕಿದ್ದು. ಒಂದೆಳೆ ಪಾಚಿ ಕಟ್ಟಲ್ಲ."

"ಪಾಚೀನ ಕೊಲ್ಲೋ ಔಷಧಿ ಮೀನನ್ನ ಬಿಡುತ್ತಾ ಭಾವ?"

ಅವರು ತಮ್ಮನ ಕಡೆ ತಿರುಗಿದರು. "ನಿನ್ನ ಹೆಂಡ್ತಿ ಮೀನಿನ ಡಾಕ್ಟರ್ ಯಾವಾಗ ಆದ್ಲೋ?"

ಇವರೂ ನಕ್ಕರು. ಭಾವ ನಕ್ಕದ್ದಕ್ಕಿಂತ ಇವರು ನಕ್ಕದ್ದು ನನ್ನನ್ನು ಉರಿಸಿತು.

ಸುರುಳಿಯ ಅಂಚಿನಿಂದ ಒಂದು ತುಂಡು ಕತ್ತರಿಸಿ ನೀರಿನ ಬಾಟಲಿಗೆ ಹಾಕಿ, ತೊಟ್ಟಿಗೆ ಅಂಟಿದ್ದ ಬಸವನಹುಳುಗಳಲ್ಲಿ ಕೆಲವನ್ನು ಅದಕ್ಕೆ ಬಿಟ್ಟೆ. ಬರೀ ನೀರಿನ ಇನ್ನೊಂದು ಬಾಟಲಿಗೂ ಅಷ್ಟೇ ಬಿಟ್ಟೆ. ಪಾತ್ರೆ ತೊಳೆಯುವಾಗಲೆಲ್ಲ ನೋಡುತ್ತಿದ್ದೆ. ಬರೀ ನೀರಿನವು ಗಾಜು ಹತ್ತಿ ಓಡಾಡಿದವು. ರಬ್ಬರಿನ ಜೊತೆಗಿದ್ದವು ತಳಕ್ಕೆ ಬಿದ್ದು ಮತ್ತೆ ಏಳಲಿಲ್ಲ. ಇವರಿಗೆ ತೋರಿಸಿದೆ.

"ಅಣ್ಣನಿಗೆ ಬೇಜಾರಾಗುತ್ತೆ ಕಣೇ. ನಿಧಾನಕ್ಕೆ ಹೇಳೋಣ."

ಭಾನುವಾರ ತರಕಾರಿ ತಂದು ಹಿತ್ತಲಿಗೆ ಹೋದರೆ, ಗುಂಡಿಗೆ ಅದೇ ರಬ್ಬರ್ ಹಾಸಿ ಅಣ್ಣತಮ್ಮಂದಿರು ಪೈಪಿನಲ್ಲಿ ನೀರು ಬಿಡುತ್ತಿದ್ದರು. ಪಕ್ಕದಲ್ಲಿ ಮಗಳು, ಕೈಯಲ್ಲಿ ಮೀನಿನ ಬಕೆಟ್.

"ದೊಡ್ಡಪ್ಪ ಬಿಡು ಅಂದ್ರು ಅಮ್ಮ," ಎಂದಳು. ಮುಖದ ತುಂಬ ಸಂತೋಷ.

ನಲ್ಲಿ ನಿಲ್ಲಿಸಿದೆ. ಒಳಗಿನಿಂದ ಬಾಟಲಿ ತಂದು ಲೋಟಕ್ಕೆ ಬಗ್ಗಿಸಿದೆ.

"ಭಾವ, ನಿಮ್ಮ ರಬ್ಬರ್ ನೆನೆದ ನೀರು. ಕುಡೀರಿ. ಆಮೇಲೆ ಮೀನು ಬಿಡೋಣ."

"ಏನಮ್ಮ, ತಮಾಷೇನಾ?"

"ಇಷ್ಟುದ್ದ ಮೀನಿಗೇ ಏನೂ ಆಗಲ್ಲ ಅಂದ್ಮೇಲೆ ನಿಮ್ಮಂಥ ಆಳಿಗೆ ಏನಾಗುತ್ತೆ?"

ಲೋಟದಲ್ಲಿ ಸತ್ತ ಹುಳುವೊಂದು ತಳಕ್ಕಿಳಿಯಿತು. ಭಾವ ಕೈ ಚಾಚಲಿಲ್ಲ. "ದೊಡ್ಡೋರ ಹತ್ರ ಹೀಗಾ ಮಾತಾಡೋದು?"

"ರೀ, ಹಾಗಾದ್ರೆ ನೀವು ಕುಡೀರಿ. ಅಣ್ಣನಿಗೆ ಬೇಜಾರಾಗಬಾರದಲ್ಲ."

ಇವರು ಕೈಯಲ್ಲಿದ್ದ ಪೈಪ್ ಕೆಳಗಿಟ್ಟರು. ಮಗಳು ಲೋಟ ನೋಡಿದಳು, ಬಕೆಟ್ ನೋಡಿದಳು. ಮೀನುಗಳನ್ನು ಒಳಗೆ ಹೊತ್ತುಕೊಂಡು ಹೋದಳು. ಅವು ತೊಟ್ಟಿಗೆ ಬಿದ್ದ ಸದ್ದು ಹಿತ್ತಲಿಗೆ ಕೇಳಿಸಿತು.

ಹಾಳೆಯ ತುದಿ ಹಿಡಿದು ಎಳೆದೆ. ನೀರಿನ ಭಾರಕ್ಕೆ ಕದಲಲಿಲ್ಲ.

"ನೋಡ್ತಾ ನಿಂತ್ರೆ ಇದು ತಾನಾಗೇ ಮೇಲೆ ಬರಲ್ಲ," ಎಂದೆ.

ಇವರು ಅಣ್ಣನ ಮುಖ ನೋಡದೆ ಬಂದು ಇನ್ನೊಂದು ತುದಿ ಹಿಡಿದರು.