ಸೇತುವೆ ಎತ್ತಿದ ಹೊತ್ತು

ಅವಳಿಗೆ ಸಾಸಿವೆ ಎಂದು ಅಡ್ಡಹೆಸರಿಟ್ಟವನು ಅವಳ ಅಣ್ಣ. ಕಾದ ಎಣ್ಣೆಗೆ ಬಿದ್ದ ಕೂಡಲೇ ಚಟಪಟ ಸಿಡಿಯುತ್ತಾಳೆ ಎಂದು ಎಂಟನೇ ವಯಸ್ಸಿನಲ್ಲಿ ಇಟ್ಟ ಹೆಸರು, ನಲವತ್ಮೂರಾದರೂ ಬಿಟ್ಟುಹೋಗಿರಲಿಲ್ಲ. ಅವಳು ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವಳು. ಯಾರಾದರೂ ರೀಮನ್ನು ಒಂದು ಕೂದಲೆಳೆ ಓರೆಯಾಗಿ ಜೋಡಿಸಿದರೂ ಸಾಕು, ಅವಳ ಬಾಯಿಗೆ ಸಿಕ್ಕವನ ಕಥೆ ಮುಗಿಯಿತು. ಅಣ್ಣ ಅದಕ್ಕೆ ತದ್ವಿರುದ್ಧ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವ ಕೆಲಸ ಅವನದು. ಒಂದು ಗಾಜಿಗೆ ಅರ್ಧ ದಿನ ಹಿಡಿದರೂ ಅವನ ಹುಬ್ಬು ಗಂಟಿಕ್ಕುತ್ತಿರಲಿಲ್ಲ. ಇಬ್ಬರೂ ಒಂದೇ ತಾಯಿಯ ಮಕ್ಕಳು ಎಂದರೆ ಹೊಸಬರು ನಂಬುತ್ತಿರಲಿಲ್ಲ.

ಈ ಅಣ್ಣ ತಂಗಿಯರನ್ನು ಕಟ್ಟಿಹಾಕಿದ್ದು ಸೈಕಲ್. ಹನ್ನೊಂದು ವರ್ಷಗಳಿಂದ ಪ್ರತಿ ಭಾನುವಾರ ಬೆಳಗ್ಗೆ ಇಬ್ಬರೂ ಕಡಲಂಚಿನ ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಓಡಿಸುತ್ತಿದ್ದರು. ಅಂಗೈಯಂಥ ಸಮತಟ್ಟಾದ ನಾಡು ಅದು. ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಮಣ್ಣಿನ ದಿಬ್ಬ, ದಿಬ್ಬದಾಚೆ ಸಮುದ್ರ. ಏರಿಲ್ಲ, ಇಳಿಜಾರಿಲ್ಲ. ಆದರೆ ಏರು ಇಲ್ಲದ ಕಡೆ ಗಾಳಿಯೇ ಬೆಟ್ಟವಾಗುತ್ತದೆ ಎನ್ನುವುದು ಅಲ್ಲಿ ಓಡಿಸಿದವರಿಗೆ ಗೊತ್ತು. ಎದುರುಗಾಳಿ ಬಿದ್ದರೆ ಅವರು ಸರದಿಯ ಮೇಲೆ ಮುಂದೆ ಹೋಗುತ್ತಿದ್ದರು. ಐದು ನಿಮಿಷ ಅವಳು ಗಾಳಿ ಸೀಳುವುದು, ಅಣ್ಣ ಅವಳ ಹಿಂದಿನ ಚಕ್ರಕ್ಕೆ ಅಂಟಿಕೊಂಡು ದಣಿವಾರಿಸಿಕೊಳ್ಳುವುದು. ಆಮೇಲೆ ಅವನ ಸರದಿ.

ಆ ಭಾನುವಾರ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮುಂದಿದ್ದವಳು ಅವಳು.

ಹಿಂದೆ ಡಬ್ಬಿ ಒಡೆದಂಥ ಸದ್ದಾಯಿತು. ತಿರುಗುವಷ್ಟರಲ್ಲಿ ಬಿಳಿ ವ್ಯಾನೊಂದು ಅವಳ ಮೊಣಕೈ ಸವರಿಕೊಂಡಂತೆ ಮುಂದೆ ಹೋಯಿತು. ಮೂವತ್ತು ಮಾರು ಹೋಗಿ ಅದರ ಹಿಂದಿನ ಎರಡು ಕೆಂಪು ದೀಪಗಳೂ ಉರಿದವು. ವ್ಯಾನು ನಿಂತೇಬಿಟ್ಟಿತು. ಸಾಸಿವೆ ಕಣ್ಣಾರೆ ಕಂಡಳು. ಎರಡು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನಿಂತ ವ್ಯಾನು, ದೀಪ ಆರಿಸಿಕೊಂಡು ಬಾಣದಂತೆ ಹೊರಟುಹೋಯಿತು. ನಂಬರ್ ಪ್ಲೇಟಿನ ಮೇಲೆ ಕೆಸರು ಮೆತ್ತಿತ್ತು. ಒಂದಂಕಿಯೂ ಕಾಣಲಿಲ್ಲ.

ಅಣ್ಣ ರಸ್ತೆಯ ಮೇಲಿರಲಿಲ್ಲ. ಕಾಲುವೆಯ ದಡದಲ್ಲಿ ಅರ್ಧ ಜಾರಿ, ಜೊಂಡಿನ ನಡುವೆ ಸೈಕಲ್ಲಿನ ಜೊತೆ ಸಿಕ್ಕಿಕೊಂಡು ಬಿದ್ದಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಭುಜದ ಮೂಳೆ ಬಟ್ಟೆಯೊಳಗೇ ಎದ್ದು ನಿಂತಿತ್ತು.

"ಅಣ್ಣಾ! ಅಣ್ಣಾ, ನನ್ನ ನೋಡು!"

"ನೋಡ್ತಾ ಇದ್ದೀನಲ್ಲೇ," ಎಂದ. "ಕಿರುಚಬೇಡ."

ಹತ್ತಿರದ ಪಂಪ್‌ಹೌಸಿನಿಂದ ಒಬ್ಬ ಬೋಳುತಲೆಯ ಆಪರೇಟರ್ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿಬಂದ. ಬರುತ್ತಲೇ ಫೋನು ಮಾಡಿದ್ದ. "ಆಂಬುಲೆನ್ಸ್ ಬರೋಕೆ ಇಪ್ಪತ್ತು ನಿಮಿಷ ಆಗುತ್ತಂತೆ. ಅಲ್ಲಾಡಿಸ್ಬೇಡಿ ಅಂದ್ರು."

ಸಾಸಿವೆ ತಲೆಯೆತ್ತಿ ರಸ್ತೆ ನೋಡಿದಳು. ಆ ನಾಡಿನಲ್ಲಿ ಓಡಿಹೋಗುವವನಿಗೆ ಬಚ್ಚಿಟ್ಟುಕೊಳ್ಳಲು ಒಂದು ಮರವೂ ಇಲ್ಲ. ವ್ಯಾನು ದೂರದಲ್ಲಿ ಬಿಳಿ ಚುಕ್ಕೆಯಾಗಿ ಇನ್ನೂ ಕಾಣುತ್ತಿತ್ತು. ಮುಂದೆ ಆರು ಕಿಲೋಮೀಟರಿಗೆ ಸೇತುವೆ, ನಡುವೆ ಒಂದೇ ಒಂದು ತಿರುವಿಲ್ಲ. ಭಾನುವಾರ ಒಂಬತ್ತೂಕಾಲಿಗೆ ಆ ಸೇತುವೆಯನ್ನು ದೋಣಿಗಳಿಗಾಗಿ ಎತ್ತುತ್ತಾರೆ. ಅರ್ಧ ಗಂಟೆ ಇಳಿಸುವುದಿಲ್ಲ. ಎಷ್ಟೋ ಸಲ ಇಬ್ಬರೂ ಅಲ್ಲಿ ಕಾದು ಕಾದು ಬೈದುಕೊಂಡಿದ್ದರು.

ಅಣ್ಣನ ಬೆರಳುಗಳು ಅವಳ ತೋಳನ್ನು ಹಿಡಿದುಕೊಂಡವು. "ಹೋಗ್ಬೇಡ."

"ಅವನು ನಿಂತು ನೋಡಿ ಹೋದ, ಅಣ್ಣ. ನಿಂತು ನೋಡಿ!"

"ಸಾಸಿವೇ... ಇಲ್ಲೇ ಇರು."

"ಬಂದೆ. ಈಗ ಬಂದೆ." ಅವಳು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಇವನನ್ನ ನೋಡ್ಕೊಳ್ಳಿ," ಎಂದು ಪಂಪಿನವನಿಗೆ ಹೇಳಿ ಸೈಕಲ್ ಹತ್ತಿದಳು.

ಆ ಆರು ಕಿಲೋಮೀಟರ್ ಅವಳು ಹೇಗೆ ಓಡಿಸಿದಳೋ ಅವಳಿಗೇ ಗೊತ್ತಿಲ್ಲ. ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಿತ್ತು. ಹಿಂದೆ ಸರದಿಗೆ ಯಾರೂ ಇರಲಿಲ್ಲ. ತೊಡೆ ಹತ್ತಿ ಉರಿಯಿತು, ಬಾಯಲ್ಲಿ ಕಬ್ಬಿಣದ ರುಚಿ ಬಂತು. ನಿಲ್ಲಿಸೋಣ ಎನಿಸಿದಾಗಲೆಲ್ಲ ಆ ಎರಡು ಕೆಂಪು ದೀಪಗಳು ಕಣ್ಣಿಗೆ ಕಟ್ಟುತ್ತಿದ್ದವು. ಡಿಕ್ಕಿ ಹೊಡೆದದ್ದನ್ನು ಅವಳು ಒಂದು ವೇಳೆ ಕ್ಷಮಿಸುತ್ತಿದ್ದಳೇನೋ. ಎರಡು ಉಸಿರಿನಷ್ಟು ಯೋಚಿಸಿ ಹೋದದ್ದನ್ನು ಕ್ಷಮಿಸುವ ತಾಳ್ಮೆ ಅವಳ ಮೈಯಲ್ಲಿ ಎಲ್ಲಿ ಹುಡುಕಿದರೂ ಇರಲಿಲ್ಲ.

ಸೇತುವೆಯ ಮುಂದೆ ಏಳು ವಾಹನ ನಿಂತಿದ್ದವು. ಮೂರನೆಯದು ಬಿಳಿ ವ್ಯಾನು. ಪಕ್ಕದ ಕನ್ನಡಿಯ ಗಾಜು ಒಡೆದು, ಕನ್ನಡಿ ವೈರಿನ ಮೇಲೆ ಜೋತಾಡುತ್ತಿತ್ತು.

ಅವಳು ಸೈಕಲ್ಲನ್ನು ವ್ಯಾನಿನ ಮುಂದಿನ ಚಕ್ರಕ್ಕೆ ಅಡ್ಡಲಾಗಿ ಕೆಡವಿ ಕಿಟಕಿಗೆ ಗುದ್ದಿದಳು. ಗಾಜು ಇಳಿಯಿತು. ನಲವತ್ತರ ಆಸುಪಾಸಿನವನು. ನೀಲಿ ಕೆಲಸದ ಅಂಗಿ, ಪಕ್ಕದ ಸೀಟಿನಲ್ಲಿ ಪೈಪು, ನಲ್ಲಿ, ಸ್ಪ್ಯಾನರು. ಪ್ಲಂಬರ್.

"ಏನ್ರೀ ಅದು?"

"ಇಳಿ ಕೆಳಗೆ."

"ಯಾರ್ರೀ ನೀವು?"

"ಹಿಂದೆ ಕಾಲುವೆಗೆ ಬೀಳಿಸಿ ಬಂದ್ಯಲ್ಲ, ಅವನ ತಂಗಿ."

ಪ್ಲಂಬರ್ ಜೋತಾಡುವ ಕನ್ನಡಿಯ ಕಡೆ ಕಣ್ಣು ಹಾಯಿಸಿದ. "ನಂಗೇನೂ ಗೊತ್ತಿಲ್ಲ."

"ಗೊತ್ತಿಲ್ದೆ ಬ್ರೇಕ್ ಯಾಕೆ ಒತ್ತಿದೆ? ಈ ಕನ್ನಡಿಗೆ ಗಾಳಿ ಬಡೀತಾ?"

"ನೋಡಿ, ನೀವು ಸೈಕಲ್‌ನೋರು ದಾರಿ ತುಂಬ ಹರಡ್ಕೊಂಡು ಹೋಗ್ತೀರ. ರಸ್ತೆ ಏನು ನಿಮ್ಮಪ್ಪಂದಾ?"

"ನಮ್ಮಪ್ಪಂದಲ್ಲ. ನಿಮ್ಮಪ್ಪಂದೂ ಅಲ್ಲ. ಇಳಿ ಅಂದೆ!"

ಹಿಂದಿನ ಕಾರಿನಿಂದ ಒಬ್ಬ ಗೃಹಸ್ಥರು ಕತ್ತು ಹೊರಹಾಕಿದರು. "ಏನಮ್ಮಾ, ಬೀದಿಲಿ ನಿಂತು ಜಗಳ ಯಾಕೆ? ದೂರು ಗೀರು ಆಮೇಲೆ ಕೊಡು. ನಮಗೂ ಕೆಲಸ ಇದೆ."

"ನಿಮ್ಮಣ್ಣ ಅಲ್ಲಿ ಬಿದ್ದಿದ್ರೆ ಹೀಗೇ ಹೇಳ್ತಿದ್ರಾ?" ಎಂದು ಅವಳು ಗುಡುಗಿದ ರಭಸಕ್ಕೆ ಆ ಕತ್ತು ಒಳಗೆ ಹೋಯಿತು.

ಗಲಾಟೆ ಕೇಳಿ ಮೇಲಿನ ಗಾಜಿನ ಕೋಣೆಯಿಂದ ಸೇತುವೆ ನಡೆಸುವ ಹೆಂಗಸು ಇಳಿದುಬಂದರು. ಅರವತ್ತರ ಹತ್ತಿರದವರು, ಕತ್ತಿನಲ್ಲಿ ಸೀಟಿ ನೇತಾಡುತ್ತಿತ್ತು. ಸಾಸಿವೆ ಏದುಸಿರಿನಲ್ಲೇ ಎಲ್ಲ ಹೇಳಿದಳು. ಹೆಂಗಸು ಒಡೆದ ಕನ್ನಡಿ ನೋಡಿದರು, ಪ್ಲಂಬರನನ್ನು ನೋಡಿದರು, ಮೆಟ್ಟಿಲು ಹತ್ತಿ ಹೋದರು. ಕೊನೆಯ ದೋಣಿಯೂ ದಾಟಿತು. ಇಳಿಯಬೇಕಾದ ಸೇತುವೆ ಮೂತಿ ಮೇಲೆತ್ತಿಕೊಂಡು ಹಾಗೇ ನಿಂತಿತ್ತು. ಸ್ಪೀಕರ್ ಕರಕರ ಎಂದಿತು.

"ಪೊಲೀಸ್ರಿಗೆ ಹೇಳಿದ್ದೀನಿ. ಅವ್ರು ಬರೋವರೆಗೂ ಸೇತುವೆ ಇಳಿಯಲ್ಲ. ತುಂಬ ಅರ್ಜೆಂಟ್ ಇರೋರು ಈಜ್ಕೊಂಡು ಹೋಗ್ಬಹುದು."

ಎಲ್ಲ ಕಾರುಗಳೂ ಒಟ್ಟಿಗೆ ಹಾರ್ನ್ ಬಾರಿಸಿದವು. ಸೇತುವೆ ಅಲುಗಲಿಲ್ಲ.

ಪ್ಲಂಬರ್ ಆಗ ಇಳಿದ. ವ್ಯಾನಿಗೆ ಒರಗಿಕೊಂಡ. "ನಿಲ್ಲಿಸ್ದೆ ಅಕ್ಕಾ. ದೇವರಾಣೆ ನಿಲ್ಲಿಸ್ದೆ. ಹಿಂದೆ ನೋಡಿದ್ರೆ ರಸ್ತೆ ಮೇಲೆ ಯಾರೂ ಕಾಣ್ಲಿಲ್ಲ. ಸತ್ತೇ ಹೋದ್ರು ಅನ್ಕೊಂಡೆ. ಹೆದರಿ ಹೊರಟುಬಿಟ್ಟೆ."

ಅವನು ಅದನ್ನು ಕರುಣೆಗೆಂದು ಹೇಳಿದ್ದ. ಸಾಸಿವೆಯ ಮೈ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

"ಸತ್ತ ಅಂತ ತಿಳ್ಕೊಂಡು ಬಿಟ್ಟು ಬಂದೆಯಾ? ಬದುಕಿದ್ದಾನೆ ಅಂತ ಅನ್ಕೊಂಡಿದ್ರೆ ವಾಪಸ್ ಬರ್ತಿದ್ದೆಯಾ? ಹೇಳು!"

ಅವನು ನೆಲ ನೋಡಿದ. ಹೊಡೆಯಲೆಂದು ಎತ್ತಿದ ಕೈಯನ್ನು ಅವಳು ತನ್ನ ತೊಡೆಗೇ ಬಡಿದುಕೊಂಡಳು. ಪೊಲೀಸರು ಬಂದು ಬೀಗದ ಕೈ ಕಿತ್ತುಕೊಳ್ಳುವವರೆಗೂ ಅವಳು ಅವನ ಮುಂದಿನಿಂದ ಒಂದು ಹೆಜ್ಜೆ ಕದಲಲಿಲ್ಲ.

ಆಸ್ಪತ್ರೆ ತಲುಪಿದಾಗ ಮಧ್ಯಾಹ್ನ. ಬಾಗಿಲಲ್ಲಿ ಅತ್ತಿಗೆ ಸಿಕ್ಕರು. ಭುಜದ ಮೂಳೆ ಮಾತ್ರವಲ್ಲ, ಮೂರು ಪಕ್ಕೆಲುಬು ಮುರಿದಿದ್ದವು. ಒಂದು ಶ್ವಾಸಕೋಶಕ್ಕೆ ಚುಚ್ಚಿತ್ತು. ಎದೆಗೆ ಕೊಳವೆ ಹಾಕಿದ್ದರು.

"ಅವನು ಸಿಕ್ಕಿಬಿದ್ದ, ಅಣ್ಣ," ಎಂದಳು ಸಾಸಿವೆ, ಮಂಚದ ಪಕ್ಕದಲ್ಲಿ ನಿಂತು. ಗೆದ್ದ ಸುದ್ದಿ ತಂದವಳ ಹಾಗೆ.

ಅಣ್ಣ ಚಾವಣಿ ನೋಡುತ್ತಿದ್ದ. "ನೀನು ಹೋದ ಮೇಲೆ ದಡ ಕುಸೀತು," ಎಂದ. ಎರಡು ಮಾತಿಗೊಮ್ಮೆ ಉಸಿರು ಹುಡುಕಿಕೊಳ್ಳಬೇಕಿತ್ತು. "ಸೊಂಟದವರೆಗೂ ನೀರು. ಆ ಪಂಪಿನವನು ಒಬ್ಬನೇ, ಒಂದು ಕೈಲಿ ಜೊಂಡು, ಇನ್ನೊಂದರಲ್ಲಿ ನನ್ನ ಕಾಲರ್ ಹಿಡ್ಕೊಂಡು ಕೂತಿದ್ದ. ಫೋನ್ ಹೊಡ್ಕೊಳ್ತಾ ಇತ್ತು. ಆಂಬುಲೆನ್ಸ್‌ನೋರು ದಾರಿ ಕೇಳೋಕೆ ಮಾಡ್ತಿದ್ರಂತೆ. ಫೋನ್ ಎತ್ತೋಕೆ ಅವನಿಗೆ ಮೂರನೇ ಕೈ ಇರ್ಲಿಲ್ಲ."

"ನಂಗೆ ಹೇಗೆ ಗೊತ್ತಾಗ್ಬೇಕಿತ್ತು?"

"ಇರು ಅಂದಿದ್ದೆ."

"ಅವನನ್ನ ಸುಮ್ನೆ ಬಿಟ್ಬಿಡ್ಬೇಕಿತ್ತಾ? ನಿಂಗೋಸ್ಕರ ತಾನೆ ಹೋದದ್ದು?"

ಅಣ್ಣ ತಲೆ ತಿರುಗಿಸಿದ. ನಲವತ್ತೆಂಟು ವರ್ಷದ ಆ ಮುಖದಲ್ಲಿ ಅವಳು ಎಂದೂ ಕಾಣದ ಸಿಟ್ಟಿತ್ತು.

"ನಂಗೋಸ್ಕರ ಅಲ್ಲ, ನಿನ್ನ ಕೋಪಕ್ಕೋಸ್ಕರ. ಉಸಿರು ಸಿಗದೆ ಸಾಯ್ತಾ ಇದ್ದೀನಿ ಅನ್ಕೊಂಡಾಗ ಪಕ್ಕದಲ್ಲಿ ನನ್ನವರು ಅಂತ ಒಂದು ಮುಖ ಇರ್ಲಿಲ್ಲ. ಅವನೂ ಬಿಟ್ಟುಹೋದ, ನೀನೂ ಬಿಟ್ಟುಹೋದೆ."

ಅವನನ್ನೂ ತನ್ನನ್ನೂ ಒಂದೇ ಬಾಯಲ್ಲಿ ಹೇಳಿದ್ದು ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. "ನನ್ನನ್ನ ಅವನ ಜೊತೆ ಸೇರಿಸ್ತೀಯಾ?" ಎಂದು ಕೂಗಿಯೇಬಿಟ್ಟಳು. ನರ್ಸ್ ಬಂದು ಹೊರಗೆ ಕಳಿಸಿದರು. ಮೆಟ್ಟಿಲ ಮೇಲೆ ಕೂತು ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಎರಡು ತಿಂಗಳು ಮಾತಿಲ್ಲ. ಅತ್ತಿಗೆ ಫೋನಿನಲ್ಲಿ ಇಬ್ಬರ ಸುದ್ದಿಯನ್ನೂ ಆಚೀಚೆ ಸಾಗಿಸುತ್ತಿದ್ದರು. ಪ್ಲಂಬರನ ಲೈಸೆನ್ಸ್ ಒಂದೂವರೆ ವರ್ಷ ರದ್ದಾಯಿತು. ಅಷ್ಟೇನಾ ಎಂದು ಸಾಸಿವೆ ಕೋರ್ಟಿನ ವರಾಂಡದಲ್ಲಿ ಕಂಡಕಂಡವರ ಮೇಲೆಲ್ಲ ಹರಿಹಾಯ್ದಳು. ಪ್ರೆಸ್ಸಿನಲ್ಲಿ ಅವಳ ಹತ್ತಿರ ಸುಳಿಯುವವರೇ ಇಲ್ಲವಾದರು.

ಒಂದು ಭಾನುವಾರ ಅವಳು ಒಬ್ಬಳೇ ಪಂಪ್‌ಹೌಸಿಗೆ ಹೋದಳು. ಆಪರೇಟರ್ ವಾಲ್ವ್ ತಿರುಗಿಸುತ್ತಿದ್ದ. ಗುರುತು ಹಿಡಿದ, ಆದರೆ ನಗಲಿಲ್ಲ.

"ಥ್ಯಾಂಕ್ಸ್ ಹೇಳೋಕೆ ಬಂದೆ."

"ಹೇಳಿ," ಎಂದ. ಹೇಳಿದಳು. ಅವನು ಚಿಂದಿಯಲ್ಲಿ ಕೈ ಒರೆಸಿಕೊಂಡ. "ನಿಮ್ಮ ಮೇಲೆ ಬಹಳ ಸಿಟ್ಟು ಬಂದಿತ್ತು ನಂಗೆ. ಹದಿನೆಂಟು ನಿಮಿಷ ಒಂದೇ ಕೈಯಲ್ಲಿ ಹಿಡಿದಿದ್ದೆ. ಈಗ್ಲೂ ಈ ಬೆರಳು ಸರಿಯಾಗಿ ಮಡಚಲ್ಲ." ತೋರುಬೆರಳನ್ನು ಎತ್ತಿ ತೋರಿಸಿದ. "ಅವರು ಬೈತಿರ್ಲಿಲ್ಲ. ನೀವು ಬಂದ್ರಾ, ಬಂದ್ರಾ ಅಂತ ಕೇಳ್ತಿದ್ರು ಅಷ್ಟೆ. ನಾನು ಬರ್ತಾ ಇದ್ದಾರೆ, ಬರ್ತಾ ಇದ್ದಾರೆ ಅಂತ ಸುಳ್ಳು ಹೇಳ್ತಿದ್ದೆ."

ಅವಳಿಗೆ ಜಗಳಕ್ಕೆ ಹಿಡಿಯಲು ಒಂದು ಎಳೆಯೂ ಇರಲಿಲ್ಲ.

ಅಲ್ಲಿಂದ ನೇರ ಅಣ್ಣನ ಮನೆಗೆ ಹೋದಳು. ಅವನು ಕಿಟಕಿಯ ಬಳಿ ಕೂತು ರಬ್ಬರ್ ಚೆಂಡು ಹಿಸುಕುತ್ತ ಭುಜಕ್ಕೆ ವ್ಯಾಯಾಮ ಕೊಡುತ್ತಿದ್ದ. ಅತ್ತಿಗೆ ಅವಳ ಮುಖ ನೋಡಿ ಮೆಲ್ಲಗೆ ಒಳಕೋಣೆಗೆ ಸರಿದರು.

"ಬಿಟ್ಟುಹೋದದ್ದು ತಪ್ಪು," ಎಂದಳು ಸಾಸಿವೆ, ಬಾಗಿಲಲ್ಲೇ ನಿಂತು. "ಅವನನ್ನ ಹಿಡಿದದ್ದು ತಪ್ಪಲ್ಲ. ಅದು ತಪ್ಪು ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡ."

"ಯಾರು ಹೇಳಿಸ್ತಿದ್ದಾರೆ?"

"ನೀನು! ಎರಡು ತಿಂಗಳಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯ."

"ಸಿಟ್ಟು ಬಂದಿತ್ತು ಕಣೇ. ಅಭ್ಯಾಸ ಇಲ್ಲ ನಂಗೆ. ಬಂದದ್ದನ್ನ ಹೇಗೆ ಇಳಿಸ್ಬೇಕು ಅಂತ ಗೊತ್ತಾಗ್ಲಿಲ್ಲ."

"ಈಗ ಇಳೀತಾ?"

ಅವನು ಚೆಂಡನ್ನೊಮ್ಮೆ ಹಿಸುಕಿದ. "ಪೂರ್ತಿ ಇಲ್ಲ."

"ನಂದೂ ಇಲ್ಲ," ಎಂದು ಅವಳು ಒಳಗೆ ಬಂದು ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಚೆಂಡು ಅವನ ಕೈ ತಪ್ಪಿ ನೆಲಕ್ಕೆ ಬಿದ್ದು ಉರುಳಿತು. ಎತ್ತಿಕೊಟ್ಟಳು. ಹಿಸುಕಿದ. ಮತ್ತೆ ಬಿತ್ತು. ಮತ್ತೆ ಎತ್ತಿಕೊಟ್ಟಳು.