ಅರ್ಧ ಕುದುರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮೂರು ಸ್ಟೋರುಮಾನ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ನನ್ನ ಯಂತ್ರ ಹೇಳಿದ್ದನ್ನು ನಾನು ಇದ್ದ ಹಾಗೇ ಹೇಳುತ್ತೇನೆ, ಅದು ಕೆಲವರಿಗೆ ಹಿಡಿಸುವುದಿಲ್ಲ, ಅಷ್ಟೇ. ಬೈಕನ್ನು ಪಟ್ಟಿಗಳಿಂದ ಬಿಗಿದು ನಿಲ್ಲಿಸಿ, ಹಿಂದಿನ ಚಕ್ರವನ್ನು ದೊಡ್ಡ ಉರುಳೆಯ ಮೇಲೆ ಓಡಿಸಿ, ಎಂಜಿನ್ನಿನ ತಾಕತ್ತು ಎಷ್ಟು ಕುದುರೆ, ಅಂದರೆ ಎಷ್ಟು ಹಾರ್ಸ್‌ಪವರ್, ಅಂತ ಅಳೆಯುವ ಯಂತ್ರ ಅದು, ಡೈನೊ. ನನ್ನ ಗಂಡ ರೂನೆ ಸ್ಪ್ಯಾನರ್ ಹಿಡಿಯುತ್ತಿದ್ದ, ನಾನು ಪರದೆ ನೋಡುತ್ತಿದ್ದೆ. ಅವನು ತೀರಿಕೊಂಡ ಮೇಲೆ ಎರಡೂ ನನ್ನ ಪಾಲಿಗೆ ಬಂದವು. ಸೀವ್, ಅಂದರೆ ನಾನು, ಹೇಳಿದ ಅಂಕಿ ಅಂದರೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡುವುದಿಲ್ಲ. ನನ್ನ ಹತ್ತಿರ ಇರುವುದೂ ಅದೊಂದೇ.

ಹೋಲ್ಗರ್ ಮೊದಲು ಬಂದದ್ದು ಮೇ ತಿಂಗಳ ಕೊನೆಗೆ, ಚಳಿಗಾಲದಲ್ಲಿ ಹಿಮಕ್ಕೆ ಜಾರದಿರಲಿ ಅಂತ ರಸ್ತೆಗೆ ಚೆಲ್ಲಿದ್ದ ಜಲ್ಲಿಪುಡಿಯನ್ನು ಗುಡಿಸಿ ಮುಗಿಸಿದ ವಾರ. ನದಿಯಾಚೆ ಕಾಡಿನ ಅಂಚಿನಲ್ಲಿ ಅವನದು ಒಂಟಿ ಮನೆ. ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು, ಮದುವೆ ಗಿದುವೆ ಏನೂ ಆಗಿರಲಿಲ್ಲ. ಎರಡು ಸಿಲಿಂಡರಿನ ಹಳೆಯ ಜಪಾನಿ ಬೈಕು, ಕಂಕುಳಲ್ಲಿ ಒಂದು ಡಬ್ಬ. ಡಬ್ಬದಲ್ಲಿ ಎಣ್ಣೆ ಸವರಿದ ಕೆಂಪು ಹತ್ತಿಬಟ್ಟೆಯ ಏರ್ ಫಿಲ್ಟರ್. ಬೈಕಿನ ಜೊತೆ ಬಂದ ಕಾಗದದ ಫಿಲ್ಟರಿಗಿಂತ ಇದು ಗಾಳಿಯನ್ನು ಸಲೀಸಾಗಿ ಬಿಡುತ್ತದಂತೆ, ಎಂಜಿನ್ ಜೋರಾಗುತ್ತದಂತೆ, ನಿಜವೋ ಸುಳ್ಳೋ ನೋಡಬೇಕಿತ್ತು ಅಂದ.

ನೋಡಿದೆವು. ಅರ್ಧ ಕುದುರೆ ಜಾಸ್ತಿ ತೋರಿಸಿತು. ಅರ್ಧ ಕುದುರೆ ಅಂದರೆ ಏನೂ ಅಲ್ಲ, ಒಂದು ಹೊತ್ತು ಊಟ ಕಮ್ಮಿ ಮಾಡಿ ಬೈಕು ಹತ್ತಿದರೂ ಅಷ್ಟು ಸಿಗುತ್ತದೆ ಅಂತ ಮುಖಕ್ಕೆ ಹೇಳಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ವಾರ ಬಿಟ್ಟು ಸ್ಪಂಜಿನ ಫಿಲ್ಟರ್ ಹಿಡಿದುಕೊಂಡು ಬಂದ. ಆಮೇಲೆ ಉಕ್ಕಿನ ಜಾಲರಿಯದು. ಆಮೇಲೆ ಗಾಳಿಪೆಟ್ಟಿಗೆಯನ್ನೇ ಕಿತ್ತು ಕಾರ್ಬುರೇಟರಿನ ಬಾಯಿಗೆ ನೇರವಾಗಿ ಸಿಕ್ಕಿಸುವ ಮೊಟಕು ಫಿಲ್ಟರುಗಳ ಜೋಡಿ. ಅದನ್ನು ಹಾಕಿದರೆ ಎಂಜಿನ್ ಬುಸುಗುಡುವ ಸದ್ದಿಗೆ ಶೆಡ್ಡಿನ ತಗಡು ನಡುಗುತ್ತಿತ್ತು. ಸದ್ದು ಹೆಚ್ಚಾದರೆ ವೇಗವೂ ಹೆಚ್ಚಿದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಪರದೆಯಲ್ಲಿ ನೋಡಿದರೆ ನಡುವಿನ ವೇಗದಲ್ಲಿ ತಾಕತ್ತು ಕುಸಿದು ಕೂತಿತ್ತು.

ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಎಂಜಿನ್ ಆರಬೇಕು. ಆ ಹೊತ್ತಿಗೆ ಕಾಫಿ. ನಮ್ಮ ಕಡೆಯ ರೂಢಿಯಂತೆ ಚೀಸಿನ ತುಂಡುಗಳನ್ನು ಬಟ್ಟಲ ತಳಕ್ಕೆ ಹಾಕಿ ಮೇಲೆ ಕಾಫಿ ಸುರಿದರೆ ಅವನು ಮೊದಲು ಚೀಸನ್ನು ಚಮಚದಲ್ಲಿ ಆರಿಸಿ ತಿನ್ನುತ್ತಿದ್ದ. ಮಿಲ್ಲಿನ ಸದ್ದಿಗೆ ಬಲಗಿವಿ ಹೋಗಿತ್ತು. ಅದಕ್ಕೇ ಕುರ್ಚಿಯನ್ನು ಎತ್ತಿಟ್ಟು, ಎಡಗಿವಿ ನನ್ನ ಕಡೆಗೆ ಬರುವ ಹಾಗೆ ಕೂರುತ್ತಿದ್ದ. ನಾನೇನು ಆಡುತ್ತಿದ್ದೆ ಮಹಾ? ಮಳೆ, ಸೊಳ್ಳೆ, ರಸ್ತೆಗೆ ಅಡ್ಡ ಬಂದ ಕಡವೆ. ಆದರೂ ಒಬ್ಬ ಮನುಷ್ಯ ನನ್ನ ಮಾತು ಕೇಳಲಿಕ್ಕೆ ಕುರ್ಚಿ ತಿರುಗಿಸಿಕೊಂಡು ಕೂರುತ್ತಾನೆ ಅನ್ನುವುದು ನನಗೆ ಬೇಕಾಗಿತ್ತು. ರೂನೆ ಹೋದ ಮೇಲೆ ಶೆಡ್ಡಿಗೆ ಬಂದವರೆಲ್ಲ ಪರದೆಯನ್ನು ನೋಡುತ್ತಿದ್ದರೇ ಹೊರತು ನನ್ನನ್ನಲ್ಲ.

ನಮ್ಮ ಕಡೆ ಕೆಲಸ ಇಲ್ಲದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಏಣಿ ಕೇಳಬೇಕು, ಮೀನು ಕೊಡಬೇಕು, ಗರಗಸ ವಾಪಸು ಮಾಡಬೇಕು. ಬಾಗಿಲಲ್ಲಿ ನಿಂತು ಮೊದಲು ಕೆಲಸ ಏನು ಅಂತ ಹೇಳಬೇಕು, ಕಾಫಿ ಆಮೇಲೆ. ಹೋಲ್ಗರನಿಗೆ ಫಿಲ್ಟರ್ ಇತ್ತು. ನನಗೆ ಅದು ಅರ್ಥವಾಗಲಿಲ್ಲ ಅಂದುಕೊಳ್ಳಬೇಡಿ. ಈ ಕಸುಬಿನಲ್ಲಿ ನಿನ್ನೆ ಮೊನ್ನೆ ಬಂದವರಿಗೂ ಗೊತ್ತು: ಫಿಲ್ಟರುಗಳನ್ನು ಹೋಲಿಸಬೇಕಾದರೆ ಎಲ್ಲವನ್ನೂ ಒಂದೇ ದಿನ, ಒಂದೇ ಗಾಳಿಯಲ್ಲಿ ಓಡಿಸಬೇಕು. ಇವತ್ತಿನ ಬಿಸಿಲಿಗೊಂದು, ಹದಿನೈದು ದಿನ ಬಿಟ್ಟು ಮಳೆಗೊಂದು ಓಡಿಸಿದರೆ, ಲೆಕ್ಕ ಹಾಕಿ ಎಷ್ಟು ಸರಿದೂಗಿಸಿದರೂ ಅರ್ಧ ಕುದುರೆ ಹವೆಯ ವ್ಯತ್ಯಾಸದಲ್ಲೇ ಮುಳುಗಿಹೋಗುತ್ತದೆ. ಬೇರೆ ಯಾರಾದರೂ ಹೀಗೆ ಒಂದೊಂದೇ ತಂದಿದ್ದರೆ ಬೈದು ಕಳಿಸುತ್ತಿದ್ದೆ. ಇವನಿಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಬೇಸಿಗೆ ಹಾಗೇ ಕಳೆಯುತ್ತಿತ್ತು, ತೂರೆ ಬಾಯಿ ಹಾಕದಿದ್ದರೆ. ತೂರೆ ಹಿಮದ ಮೇಲೆ ಓಡಿಸುವ ಬೈಕುಗಳ ವ್ಯಾಪಾರಿ, ಬಾಯಿ ಮುಚ್ಚಿ ಕೂತು ಗೊತ್ತಿಲ್ಲದವನು. ಆಗಸ್ಟಿನಲ್ಲಿ ಯಾವುದೋ ಬೆಲ್ಟ್ ಒಯ್ಯಲು ಬಂದವನು ಹೋಲ್ಗರನನ್ನೂ ಡಬ್ಬವನ್ನೂ ಎರಡು ಕಾಫಿ ಬಟ್ಟಲನ್ನೂ ನೋಡಿ ಹಲ್ಲು ಕಿರಿದ.

"ಏನಮ್ಮಾ ಸೀವ್, ಬೇರೆಯವರು ಹೆಂಗಸರಿಗೆ ಹೂ ತರ್ತಾರೆ, ಈ ಯಪ್ಪ ಫಿಲ್ಟರ್ ತರ್ತಾನಲ್ಲ. ಅಳೀತಾ ಇರೋದು ಬೈಕನ್ನೋ, ಇವನನ್ನೋ?"

ಮೈಯೆಲ್ಲ ಉರಿದುಹೋಯಿತು. ಹೋಲ್ಗರ್ ಕಿವಿಯ ತನಕ ಕೆಂಪಗಾಗಿ ಬಟ್ಟಲೊಳಗೆ ನೋಡುತ್ತಾ ಕೂತ. ಆಗ ನಾನೊಂದು ನಗೆಯಾಡಿ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಹಾಳು ಸಿಟ್ಟು ಬಿಡಬೇಕಲ್ಲ. ಇಲ್ಲಿ ನಡೆಯುವುದು ಅಳತೆ ಮಾತ್ರ, ಬೇಕಾದರೆ ನಿಂತು ನೋಡು ಅಂತ ತೂರೆಗೆ ಹೇಳಿದೆ. ಮನೆಗೆ ಹೋಗಿ ಎಲ್ಲಾ ಫಿಲ್ಟರುಗಳನ್ನೂ ತೆಗೆದುಕೊಂಡು ಬಾ, ಇವತ್ತೇ ಇತ್ಯರ್ಥ ಮಾಡುತ್ತೇನೆ ಅಂತ ಹೋಲ್ಗರನಿಗೆ ಹೇಳಿದೆ. ಅವನು ಹೋಗಿ ತಂದ.

ಅವತ್ತು ನಾನು ಕೆಲಸ ಮಾಡಿದ ಚೆಂದ ನೋಡಬೇಕಿತ್ತು. ಮೊದಲು ಕಾಗದದ್ದು, ಆಮೇಲೆ ಹತ್ತಿಯದು, ಸ್ಪಂಜಿನದು, ಜಾಲರಿಯದು, ಪೆಟ್ಟಿಗೆ ಕಿತ್ತು ಮೊಟಕು ಜೋಡಿ, ಕೊನೆಗೆ ಯಂತ್ರ ಸರಿಯಿದೆಯೋ ಅಂತ ನೋಡಲು ಮತ್ತೆ ಕಾಗದದ್ದು. ಪ್ರತಿಯೊಂದಕ್ಕೂ ಟ್ಯಾಂಕ್ ಎತ್ತಿ ಇಳಿಸಿ, ಅದದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುವ ಜೆಟ್ ಹಾಕಿ, ಒಂದೇ ಬಿಸಿಗೆ ತಂದು, ಒಂದೇ ಗೇರಿನಲ್ಲಿ ಓಡಿಸಿದೆ. ತೂರೆ ಬೇಸತ್ತು ಯಾವಾಗಲೋ ಜಾಗ ಖಾಲಿ ಮಾಡಿದ್ದ. ಪರದೆಯಲ್ಲಿ ಮೂಡಿದ ತಾಕತ್ತಿನ ಗೆರೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ನೋಡಿದರೆ ಮೊಟಕು ಜೋಡಿಯದೊಂದು ಬಿಟ್ಟು ಉಳಿದವು ಒಂದೇ ಗೆರೆ ಅನ್ನುವ ಹಾಗಿದ್ದವು. ನಡುವಿನ ವೇಗದಲ್ಲಿ, ಅಂದರೆ ಮನುಷ್ಯರು ನಿಜವಾಗಿ ಓಡಿಸುವ ವೇಗದಲ್ಲಿ, ಕಾಗದದ್ದೇ ಕೂದಲೆಳೆಯಷ್ಟು ಮುಂದೆ.

"ನೋಡು," ಅಂದೆ, "ಬೈಕಿನ ಜೊತೆ ಬಂದದ್ದೇ ಒಳ್ಳೇದು. ಇನ್ನು ಯಾವ ಫಿಲ್ಟರನ್ನೂ ತರೋದು ಬೇಡ."

ನಮ್ಮಲ್ಲಿ ಹೌದು ಅನ್ನಲಿಕ್ಕೆ ಬಾಯಿ ಬಿಡುವುದಿಲ್ಲ. ತುಟಿ ಚೂಪು ಮಾಡಿ ಸುರ್ರಂತ ಗಾಳಿಯನ್ನು ಒಳಗೆಳೆದುಕೊಂಡರೆ ಅದೇ ಹೌದು. ಹೋಲ್ಗರ್ ಹಾಗೆ ಎಳೆದುಕೊಂಡ. ಫಿಲ್ಟರುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದ, ನನ್ನ ಕೈ ಕುಲುಕಿದ, ಬೈಕು ಹತ್ತಿ ಹೋದ. ಸಿಟ್ಟು ಇಳಿದದ್ದು ಬೈಕಿನ ಸದ್ದು ಸೇತುವೆ ದಾಟಿದ ಮೇಲೆ. ಅಷ್ಟರಲ್ಲಿ ನಾನು ಏನು ಮಾಡಿಕೊಂಡೆ ಅನ್ನುವುದು ಗೊತ್ತಾಗಿತ್ತು.

ಸೆಪ್ಟೆಂಬರ್ ಬಂತು. ಅವನು ಬರಲಿಲ್ಲ. ಯಾಕೆ ಬರುತ್ತಾನೆ? ಫಿಲ್ಟರ್ ತರಬೇಡ ಅಂದದ್ದು ಬರಬೇಡ ಅಂದ ಹಾಗೇ ಅಲ್ಲವೇ. ರಸ್ತೆಯಲ್ಲಿ ಎರಡು ಸಿಲಿಂಡರಿನ ಸದ್ದು ಕೇಳಿದರೆ ಸ್ಪ್ಯಾನರ್ ಕೆಳಗಿಟ್ಟು ಬಾಗಿಲಿಗೆ ಬರುತ್ತಿದ್ದೆ. ಬೇರೆ ಯಾರೋ. ಬರ್ಚ್ ಮರಗಳ ಎಲೆ ಉದುರಿತು, ಜನ ಬೈಕುಗಳಿಗೆ ಹೊದಿಕೆ ಹೊದಿಸಿ ಮೂಲೆಗೆ ತಳ್ಳಿದರು, ಮೊದಲ ಹಿಮವೂ ಬಿತ್ತು. ಚೀಸು ತಂದರೆ ಮುಗಿಯುವ ಮೊದಲೇ ಬೂಸ್ಟು ಹಿಡಿಯುತ್ತಿತ್ತು. ನನಗೆ ಒಬ್ಬಳೇ ಇದ್ದು ಅಭ್ಯಾಸ ಆಗಿದೆ ಅಂತ ಎಲ್ಲರೂ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಸುಳ್ಳು. ಒಂದು ದಿನ ರೇಡಿಯೋದಲ್ಲಿ ಹವಾಮಾನ ಓದುವವಳಿಗೆ ಎದುರುತ್ತರ ಕೊಡುತ್ತಾ ನಿಂತಿದ್ದೆ. ಅವತ್ತು ನನಗೇ ಹೆದರಿಕೆ ಆಯಿತು.

ಹೋಗಬೇಕು ಅಂತ ತೀರ್ಮಾನ ಮಾಡಿದೆ. ಆದರೆ ಏನಂತ ಹೋಗಲಿ? ಅವನ ಏಣಿ ನನ್ನಲ್ಲಿರಲಿಲ್ಲ, ನನ್ನ ಗರಗಸ ಅವನಲ್ಲಿರಲಿಲ್ಲ. ಬಹಳ ಯೋಚಿಸಿದ ಮೇಲೆ ಒಂದೇ ಒಂದು ಕೆಲಸ ಹೊಳೆಯಿತು. ನನ್ನ ಯಂತ್ರ ತಪ್ಪು ತೋರಿಸಿದೆ, ಎಲ್ಲವನ್ನೂ ಮತ್ತೆ ಅಳೆಯಬೇಕು ಅಂತ ಹೇಳುವುದು. ಈ ಮಾತು ಹೊರಗೆ ಬಿದ್ದರೆ, ತೂರೆಯ ಕಿವಿಗೇನಾದರೂ ಬಿದ್ದರೆ, ನನ್ನ ಅಂಕಿಯನ್ನು ಇನ್ನು ಮೂರು ಕಾಸಿಗೂ ಯಾರೂ ನಂಬುವುದಿಲ್ಲ. ಬೀಳಲಿ ಅಂದುಕೊಂಡೆ. ಅಂಕಿ ಕಟ್ಟಿಕೊಂಡು ಏನು ಮಾಡಲಿ?

ಅವತ್ತು ಮಧ್ಯಾಹ್ನವೇ ಕಾರಿನಲ್ಲಿ ಹೊರಟೆ. ಹೋಲ್ಗರನ ಚಿಮಣಿಯಲ್ಲಿ ಹೊಗೆ ಇತ್ತು. ಬಾಗಿಲು ತಟ್ಟಿದರೆ ಉಣ್ಣೆಯ ಕಾಲುಚೀಲದಲ್ಲೇ ಬಂದು ತೆರೆದ. ನನ್ನನ್ನು ನೋಡುತ್ತಲೇ ಅವನ ಮುಖ ಬಿಳಿಚಿಕೊಂಡಿತು.

"ಯಾರು ಹೋದ್ರು?" ಅಂತ ಕೇಳಿದ.

ಯಾರೂ ಸತ್ತಿಲ್ಲ ಅಂದೆ. ಆಮೇಲೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಅವನ ಎಡಗಿವಿಗೆ ಕೇಳುವ ಹಾಗೆ ಗಟ್ಟಿಯಾಗಿ ಒಪ್ಪಿಸಿದೆ. ಯಂತ್ರದಲ್ಲಿ ದೋಷ ಇತ್ತು, ಅವತ್ತಿನ ಅಂಕಿಗಳು ಒಂದೂ ಸರಿಯಿಲ್ಲ, ಬೈಕನ್ನು ಟ್ರೈಲರಿನಲ್ಲಿ ಹಾಕಿಕೊಂಡು ಬಾ, ಫಿಲ್ಟರುಗಳನ್ನೂ ತಾ, ಒಂದೊಂದಾಗಿ ನಿಧಾನಕ್ಕೆ ನೋಡೋಣ.

ಅವನ ಹುಬ್ಬು ಗಂಟಿಕ್ಕಿತು. "ನಿನ್ನ ಯಂತ್ರ ತಪ್ಪಾ? ಯಾರು ಹಾಗಂದೋರು? ಆ ತೂರೇನಾ? ಕಾಗದದ್ದನ್ನ ಮೊದಲೂ ಕೊನೆಗೂ ಎರಡು ಸಲ ಓಡಿಸಿದೆಯಲ್ಲ, ಎರಡೂ ಒಂದೇ ಬಂತು. ನಾನೇ ನೋಡಿದೀನಿ. ನೀನು ಅಳೆದದ್ದು ಸರಿಯಾಗೇ ಇದೆ."

ನನ್ನ ಅಂಕಿಯ ಪರವಾಗಿ ಅವನು ನನ್ನ ಹತ್ತಿರವೇ ಜಗಳಕ್ಕೆ ನಿಂತಿದ್ದ. ಆದರೂ ಬೈಕು ತಾ, ನೋಡೋಣ ಅಂದೆ.

"ಬೈಕು ಇಲ್ಲ," ಅಂದ. "ಮಾರಿಬಿಟ್ಟೆ, ಸೆಪ್ಟೆಂಬರಲ್ಲೇ."

ಯಾಕೆ ಮಾರಿದೆ, ಅಷ್ಟು ಚೆನ್ನಾಗಿತ್ತಲ್ಲ ಅಂತ ಕೇಳಿದೆ. ಅವನು ನನ್ನ ಬೂಟಿನ ಮೇಲಿನ ಹಿಮ ನೋಡಿದ.

"ಇನ್ನೆಲ್ಲಿಗೆ ಓಡಿಸ್ಲಿ?" ಅಂದ. "ನಿನ್ನ ಶೆಡ್ಡಿಗೆ ಬಿಟ್ರೆ ನಾನು ಅದನ್ನ ಎಲ್ಲಿಗೂ ಒಯ್ತಿರಲಿಲ್ಲ."

ಬೈಕು ಇಲ್ಲ, ಅಳೆಯುವುದೂ ಇಲ್ಲ, ಹೇಳಿಕೊಂಡು ಬಂದ ಕೆಲಸ ಅಲ್ಲಿಗೇ ಮುಗಿಯಿತು. ನಮ್ಮ ಕಡೆಯ ರೀತಿಗೆ ನಾನು ಆಗ ಟೋಪಿ ಎಳೆದುಕೊಂಡು, ಬರುತ್ತೇನೆ ಅಂದು, ಕಾರು ಹತ್ತಬೇಕಿತ್ತು. ಅವನೂ ನಾನು ಹೊರಡುವುದನ್ನೇ ಕಾಯುತ್ತಿದ್ದ, ಬಾಗಿಲಿನ ಹಿಡಿಯ ಮೇಲಿಂದ ಕೈ ತೆಗೆದಿರಲಿಲ್ಲ.

"ಹೋಲ್ಗರ್," ಅಂದೆ, "ಯಂತ್ರ ಸರಿಯಾಗೇ ಇದೆ. ನಂಗೆ ಏನೂ ಕೆಲಸ ಇರಲಿಲ್ಲ. ಸುಮ್ಮನೆ ಬಂದೆ."

ಅರವತ್ತು ದಾಟಿದ ನಾನು ಆವರೆಗೆ ಯಾರ ಬಾಗಿಲಲ್ಲೂ ಆ ಮಾತು ಆಡಿದವಳಲ್ಲ. ಮೈಮೇಲೆ ಬಟ್ಟೆಯೇ ಇಲ್ಲದೆ ನಿಂತ ಹಾಗಾಯಿತು. ಅವನು ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನುವ ಹಾಗೆ ಎಡಗಿವಿಯನ್ನು ಇನ್ನಷ್ಟು ಹತ್ತಿರ ತಂದ. ಕೇಳಿಸಿತ್ತು.

"ಸುಮ್ಮನೆ ಬಂದೋರಿಗೆ ಏನು ಮಾಡಬೇಕು ಅಂತ ನಂಗೆ ಗೊತ್ತಿಲ್ಲ, ಸೀವ್," ಅಂದ.

ನನಗೂ ಗೊತ್ತಿಲ್ಲ ಅಂದೆ. ಬಾಗಿಲು ತೆರೆದೇ ಇತ್ತು, ಮನೆಯೆಲ್ಲ ತಣ್ಣಗಾಗುತ್ತಿತ್ತು. ಅದನ್ನು ಮುಚ್ಚಬೇಕು ಅನ್ನುವುದು ಒಳಗಿದ್ದ ಅವನಿಗೂ ಹೊಳೆಯಲಿಲ್ಲ, ಹೊರಗಿದ್ದ ನನಗೂ ಹೊಳೆಯಲಿಲ್ಲ.